ಈ ದನಿಗೆ ಕಾರಣರಾದವರಿಗೆ

ಧ್ವನಿಯ ಶಸ್ತ್ರಚಿಕಿತ್ಸೆಯಾಗಿ ಇಂದಿಗೆ ಆರು ತಿಂಗಳು ತುಂಬಿದವು. ದನಿ ಒಂದು ನೆಲೆಗೆ ಬಂದ ಮೇಲೆಯೇ ಈ ಮಾತುಗಳನ್ನು ಬರೆಯಬೇಕೆಂದು ಕಾದಿದ್ದೆ.

ನನ್ನಂಥ ಟ್ರಾನ್ಸ್ ಪುರುಷರಲ್ಲಿ, ಅಂದರೆ ಹುಟ್ಟಿದಾಗ ಹೆಣ್ಣೆಂದು ಗುರುತಿಸಲ್ಪಟ್ಟ ಗಂಡಸರಲ್ಲಿ, ಹೆಚ್ಚಿನವರಿಗೆ ಚಿಕಿತ್ಸೆಯಾಗಿ ಪಡೆಯುವ ಟೆಸ್ಟೋಸ್ಟೆರಾನ್ ಹಾರ್ಮೋನು ಧ್ವನಿತಂತುಗಳನ್ನು ದಪ್ಪಗಾಗಿಸಿ ದನಿಯನ್ನು ತಾನಾಗಿಯೇ ತಗ್ಗಿಸುತ್ತದೆ. ನನ್ನದು ಮಾತ್ರ ಎರಡು ವರ್ಷ ಕಳೆದರೂ 170 ಹರ್ಟ್ಜ್ (ಸೆಕೆಂಡಿಗೆ 170 ಕಂಪನಗಳು) ಆಸುಪಾಸಿನಲ್ಲೇ ನಿಂತಿತ್ತು. ಗಡ್ಡ ಮೂಡಿದ್ದರೂ ಫೋನಿನಲ್ಲಿ ಎಲ್ಲರೂ ಹೆಣ್ಣೆಂದೇ ತಿಳಿದು ಮಾತನಾಡುತ್ತಿದ್ದುದರಿಂದ, ನಾನು ಕರೆ ಸ್ವೀಕರಿಸುವುದನ್ನೇ ಬಿಟ್ಟಿದ್ದೆ. ಆ ದಿನಗಳಲ್ಲಿ ಬ್ಯಾಂಕಿಗೂ ಕಚೇರಿಗೂ ನನ್ನ ಪರವಾಗಿ ಮಾತನಾಡಿದ ಗೆಳೆಯನಿಗೆ ಮೊದಲ ವಂದನೆ ಸಲ್ಲಬೇಕು.

ಗಂಟಲನ್ನು ಅದುಮಿ ದಪ್ಪ ದನಿ ತರಿಸುವ ನನ್ನ ಅಭ್ಯಾಸವನ್ನು ವಾಕ್ ಚಿಕಿತ್ಸಕಿಯವರು ತಿಂಗಳುಗಟ್ಟಲೆ ಕೂತು ಬಿಡಿಸಿದರು. ಶಸ್ತ್ರಚಿಕಿತ್ಸೆಯ ನಂತರ ದನಿ ಒರಟಾಗಬಹುದು, ಮೇಲಿನ ಸ್ವರಗಳು ಕೈತಪ್ಪಬಹುದು, ಮತ್ತೆ ಮೊದಲಿನಂತಾಗುವುದು ಕಷ್ಟ ಎಂಬುದನ್ನು ಮುಚ್ಚಿಡದೆ ಹೇಳಿದವರೂ ಅವರೇ. ಆ ನೇರ ಮಾತೇ ನನಗೆ ಧೈರ್ಯ ಕೊಟ್ಟಿತು.

ನನಗೆ ಮಾಡಿದ್ದು ಜಪಾನಿನ ವೈದ್ಯ ನೊಬುಹಿಕೊ ಇಶ್ಶಿಕಿಯವರು 1974ರಲ್ಲಿ ವಿವರಿಸಿದ ಥೈರೋಪ್ಲಾಸ್ಟಿಯ, ಅಂದರೆ ಧ್ವನಿಪೆಟ್ಟಿಗೆಯ ಮೃದ್ವಸ್ಥಿಯನ್ನು ತಿದ್ದುವ ಶಸ್ತ್ರಚಿಕಿತ್ಸೆಯ, ಮೂರನೆಯ ವಿಧಾನ. ಧ್ವನಿಪೆಟ್ಟಿಗೆಯ ಮುಂಭಾಗದ ಮೃದ್ವಸ್ಥಿಯಿಂದ ಕೆಲವೇ ಮಿಲಿಮೀಟರ್ ಅಗಲದ ಪಟ್ಟಿಯನ್ನು ನೆಟ್ಟಗೆ ಕತ್ತರಿಸಿ ತೆಗೆದು ಅಂಚುಗಳನ್ನು ಜೋಡಿಸಿದಾಗ, ತಂಬೂರಿಯ ತಂತಿಯನ್ನು ಸಡಿಲಿಸಿದಂತೆ ಧ್ವನಿತಂತುಗಳ ಬಿಗಿ ಇಳಿದು ಶ್ರುತಿ ತಗ್ಗುತ್ತದೆ. ಶ್ರುತಿಯನ್ನು ಅಲ್ಲಿಯೇ ಕೇಳಿ ನೋಡಬೇಕಾದ್ದರಿಂದ ಕುತ್ತಿಗೆಯನ್ನಷ್ಟೇ ಮರಗಟ್ಟಿಸಿದ್ದರು, ನಾನು ಎಚ್ಚರವಾಗಿದ್ದೆ. "ಈಗೊಮ್ಮೆ 'ಆ' ಎನ್ನಿ" ಎಂದರು ಶಸ್ತ್ರವೈದ್ಯರು. ಎಂದೆ. ಅಂಚುಗಳನ್ನು ಇನ್ನಷ್ಟು ಹತ್ತಿರ ತಂದು, "ಇನ್ನೊಮ್ಮೆ" ಎಂದರು. ಮುಖದ ಮೇಲಿನ ಬಟ್ಟೆಯ ಕೆಳಗೆ, ನನ್ನದೇ ದನಿ ಒಂದು ಮೆಟ್ಟಿಲು ಕೆಳಗಿಳಿದು ನಿಂತದ್ದು ಕೇಳಿಸಿತು. ಕಣ್ಣಂಚಿನಿಂದ ಕಿವಿಯತ್ತ ಹರಿದ ನೀರನ್ನು ಏನೂ ಕೇಳದೆ ಹತ್ತಿಯಿಂದ ಒರೆಸಿದ ಶುಶ್ರೂಷಕಿಯವರ ಹೆಸರು ನನಗೆ ತಿಳಿಯದು. ಅವರಿಗೂ ಈ ವಂದನೆ ತಲುಪಲಿ.

ನಂತರ ಒಂದು ವಾರ ಪಿಸುಮಾತೂ ಆಡಬಾರದಿತ್ತು. ಅಕ್ಕ ನನ್ನ ಅವಸರದ ಕೆಟ್ಟ ಅಕ್ಷರಗಳ ಚೀಟಿಗಳನ್ನು ಬೇಸರವಿಲ್ಲದೆ ಓದಿದಳು. ಇಂದಿಗೂ ಆ ಚೀಟಿಗಳನ್ನು ಎಸೆದಿಲ್ಲ.

ಕೊನೆಯದಾಗಿ ಅಪ್ಪನಿಗೆ. ನನ್ನ ದನಿ ಇನ್ನೂ ತೆಳ್ಳಗಿದ್ದಾಗಲೇ, ಯಾರೂ ಹೇಳಿಕೊಡದೆ, ಒಂದು ಬೆಳಗ್ಗೆ ನೀವು 'ಏನೇ' ಬಿಟ್ಟು 'ಏನೋ' ಎಂದು ಕರೆದಿರಿ. ಅಂದು ಓಗೊಡಲು ಗಂಟಲು ಬಿಗಿದು ಕೋಣೆಯೊಳಗೆ ಹೋಗಿಬಿಟ್ಟಿದ್ದೆ. ಮಾತನಾಡಲು ಅನುಮತಿ ಸಿಕ್ಕ ದಿನ ನಾನು ಮೊದಲು ಆಡಿದ ಮಾತು, ನಿಮಗೆ ನೆನಪಿರಬಹುದು, "ಬಂದೆ ಅಪ್ಪಾ" ಎಂದು.