ಎಂಜಿನ್‌ ಬದಲಿಸಿದ ಹಳೆಯ ಕಾರಿಗೂ ತಪಾಸಣೆಯ ದಾರಿ ಇರಲಿ

ಮಾನ್ಯ ಸಂಪಾದಕರಿಗೆ,

ಒಂದು ಕಾಲಕ್ಕೆ ವೇಗಕ್ಕೆ ಹೆಸರಾಗಿದ್ದ ಹಳೆಯ ಸೆಡಾನ್‌ ಕಾರಿನ ಮೂಲ ಎಂಜಿನ್‌ ಇಳಿಸಿ, ಆ ಜಾಗದಲ್ಲಿ ಬೇರೆ ಕಂಪನಿಯ ಟರ್ಬೊ (ಒಳಗೆ ಹೆಚ್ಚು ಗಾಳಿ ತಳ್ಳಿ ಶಕ್ತಿ ಹೆಚ್ಚಿಸುವ ಸಾಧನ) ಇರುವ ಎಂಜಿನ್‌ ಕೂರಿಸುವ ಕೆಲಸ ಬೆಂಗಳೂರಿನಂಥ ಊರುಗಳ ಗ್ಯಾರೇಜುಗಳಿಗೆ ಹೊಸದೇನಲ್ಲ. ಇದನ್ನು ಪುಂಡಾಟವೆಂದು ಬಗೆದು ವಾಹನ ಜಪ್ತಿ ಮಾಡಿಬಿಡಬೇಕು ಎನ್ನುವವರು ಹಲವರಿದ್ದಾರೆ. ವಾಹನ ಬಿಡಿಭಾಗಗಳ ತಯಾರಿಕೆಯಲ್ಲಿ ಬಹುಕಾಲ ದುಡಿದ ನನಗೆ ಅವರ ಸಿಟ್ಟು ಅರ್ಥವಾಗುತ್ತದೆ. ಅಪರಾತ್ರಿಯಲ್ಲಿ ಸೈಲೆನ್ಸರ್‌ ಕಿತ್ತ ಕಾರುಗಳ ಆರ್ಭಟ ನಮ್ಮ ಬಡಾವಣೆಗೂ ತಪ್ಪಿದ್ದಲ್ಲ. ಆದರೆ ಚೆನ್ನಾಗಿ ಮಾಡಿದ ಎಂಜಿನ್‌ ಬದಲಾವಣೆಯನ್ನೂ ಕೆಟ್ಟದಾಗಿ ಮಾಡಿದ್ದನ್ನೂ ಬೇರ್ಪಡಿಸಿ ನೋಡುವ ವ್ಯವಸ್ಥೆಯೇ ನಮ್ಮಲ್ಲಿಲ್ಲ ಎಂಬುದು ನನ್ನ ದೂರು.

ಈ ಕೆಲಸದ ಸ್ವರೂಪ ತಿಳಿಯಲು ಹೊರದೇಶಗಳಲ್ಲಿ ಕೆಲವರು ಮಾಡುವ ಒಂದು ಜೋಡಣೆಯನ್ನು ನೋಡಬಹುದು. ಬಿಎಂಡಬ್ಲ್ಯು ಕಂಪನಿಯ ಎರಡನೇ ತಲೆಮಾರಿನ ಎಂ5 ಸೆಡಾನ್‌ 1988ರಿಂದ 1995ರವರೆಗೆ ತಯಾರಾಯಿತು. ಅದರ ಆರು ಸಿಲಿಂಡರಿನ ಎಂಜಿನ್‌ ಮೊದಲು 3.5 ಲೀಟರಿನದಾಗಿ 315 ಅಶ್ವಶಕ್ತಿಯನ್ನೂ, ಮುಂದೆ 3.8 ಲೀಟರಿಗೆ ಹಿಗ್ಗಿ 340 ಅಶ್ವಶಕ್ತಿಯನ್ನೂ ಕೊಡುತ್ತಿತ್ತು. ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಥ್ರಾಟಲ್‌ (ಒಳಹೋಗುವ ಗಾಳಿಯನ್ನು ನಿಯಂತ್ರಿಸುವ ಕವಾಟ) ಇದ್ದ, ಟರ್ಬೊ ಇಲ್ಲದೆಯೇ ಅಷ್ಟು ಶಕ್ತಿ ತೆಗೆಯುತ್ತಿದ್ದ ಆ ಎಂಜಿನ್‌ ಈಗ ಕೆಟ್ಟರೆ ಬಿಡಿಭಾಗ ಹುಡುಕುವುದೇ ದೊಡ್ಡ ಕಷ್ಟ. ಸಿಕ್ಕರೂ ದುರಸ್ತಿಯ ಖರ್ಚು ಕಾರಿನ ಬೆಲೆಯ ಸಮೀಪಕ್ಕೆ ಬರಬಹುದು. ಹೀಗಾಗಿ ಕೆಲವರು ಟೊಯೊಟಾದ 2ಜೆಝಡ್‌-ಜಿಟಿಇ ಎಂಜಿನ್ನಿನ ಮೊರೆಹೋಗುತ್ತಾರೆ. 1991ರಲ್ಲಿ ಜಪಾನಿನ ಅರಿಸ್ಟೊ ಎಂಬ ಸೆಡಾನ್‌ನಲ್ಲಿ ಮೊದಲು ಬಂದು, ಮುಂದೆ ಸುಪ್ರಾ ಕಾರಿನಿಂದ ಲೋಕಪ್ರಸಿದ್ಧವಾದ, 2002ರವರೆಗೂ ತಯಾರಾದ ಎಂಜಿನ್‌ ಅದು. 2,997 ಸಿಸಿ, ಒಂದೇ ಸಾಲಿನ ಆರು ಸಿಲಿಂಡರು, ಎರಡು ಟರ್ಬೊ, ಎರಕದ ಕಬ್ಬಿಣದ ದಪ್ಪ ಬ್ಲಾಕ್‌ (ಸಿಲಿಂಡರುಗಳಿರುವ ಎಂಜಿನ್ನಿನ ಮೈ). ಮೂಲ ಎಂಜಿನ್ನೂ ಒಂದೇ ಸಾಲಿನ ಆರು ಸಿಲಿಂಡರಿನದೇ ಆಗಿರುವುದರಿಂದ ಬಾನೆಟ್ಟಿನ ಕೆಳಗೆ ಉದ್ದದ ತಕರಾರು ಹೆಚ್ಚು ಇರುವುದಿಲ್ಲ. (2019ರಲ್ಲಿ ಹೊಸ ಸುಪ್ರಾ ಹೊರತಂದಾಗ ಟೊಯೊಟಾ ತಾನೇ ಬಿಎಂಡಬ್ಲ್ಯುವಿನ ಆರು ಸಿಲಿಂಡರ್‌ ಟರ್ಬೊ ಎಂಜಿನ್‌ ಬಳಸಿತು. ಬಿಎಂಡಬ್ಲ್ಯು ಕಾರಿಗೆ ಟೊಯೊಟಾ ಎಂಜಿನ್‌ ಹಾಕುವುದು ಮೈಲಿಗೆ ಎನ್ನುವವರು ಇದಕ್ಕೆ ಏನನ್ನುತ್ತಾರೋ ಕೇಳಬೇಕು.)

ಬಾನೆಟ್ಟಿನ ಕೆಳಗೆ ಎಂಜಿನ್‌ ಹಿಡಿಸಿತು ಎಂದರೆ ಕೆಲಸ ಶುರುವಾಯಿತು ಎಂದಷ್ಟೇ ಅರ್ಥ. ಬಿಎಂಡಬ್ಲ್ಯು ತನ್ನ ಎಂಜಿನ್ನನ್ನು ಒಂದು ಪಕ್ಕಕ್ಕೆ ಓರೆಯಾಗಿ ಕೂರಿಸಿತ್ತು. ಟೊಯೊಟಾದ್ದು ನೆಟ್ಟಗೆ ನಿಲ್ಲುವಂಥದು. ಆದ್ದರಿಂದ ಎಂಜಿನ್‌ ಹಿಡಿದಿಡುವ ಮೌಂಟುಗಳನ್ನು ಹೊಸದಾಗಿ ಮಾಡಿಸಬೇಕು, ಎಂಜಿನ್‌ ತಳದ ಆಯಿಲ್‌ ಸಂಪ್‌ ಮುಂದಿನ ಕ್ರಾಸ್‌ಮೆಂಬರಿಗೆ (ಅಡ್ಡ ತೊಲೆಗೆ) ತಾಗದಂತೆ ಹೊಂದಿಸಬೇಕು, ಹಳೆಯ ಗೇರ್‌ಬಾಕ್ಸನ್ನೇ ಉಳಿಸಿಕೊಳ್ಳುವುದಾದರೆ ನಡುವೆ ಅಡಾಪ್ಟರ್‌ ಪ್ಲೇಟು ಮತ್ತು ಅದಕ್ಕೆ ತಕ್ಕ ಫ್ಲೈವೀಲ್‌ ಬೇಕು, ಇಲ್ಲವಾದರೆ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್‌ ಶಾಫ್ಟನ್ನು ಕತ್ತರಿಸಿ, ಬೆಸೆದು, ಮತ್ತೆ ಬ್ಯಾಲೆನ್ಸ್‌ ಮಾಡಿಸಬೇಕು. ಟರ್ಬೊ ತಳ್ಳುವ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಜಾಗ ಮಾಡಬೇಕು, ರೇಡಿಯೇಟರ್‌ ದೊಡ್ಡದಾಗಬೇಕು, ವೈರಿಂಗ್‌ ಪೂರ್ತಿ ಹೊಸದಾಗಬೇಕು. ಬಲಬದಿಯ ಸ್ಟೀರಿಂಗ್‌ ಇರುವ ದೇಶಗಳಲ್ಲಿ ಇನ್ನೊಂದು ತೊಡಕೂ ಸೇರಿಕೊಳ್ಳುತ್ತದೆ. ಈ ಟೊಯೊಟಾ ಎಂಜಿನ್ನಿನ ಎಕ್ಸಾಸ್ಟ್‌ ಮತ್ತು ಟರ್ಬೊಗಳು ಬಲಬದಿಗೇ ಇವೆ. ಸ್ಟೀರಿಂಗ್‌ ಶಾಫ್ಟೂ ಅದೇ ಬದಿಯಲ್ಲಿ ಇಳಿಯುತ್ತದೆ. ಪೆಟ್ರೋಲ್‌ ಟರ್ಬೊ ಎಂಜಿನ್‌ ಪೂರ್ಣ ಶ್ರಮದಲ್ಲಿರುವಾಗ ಟರ್ಬೈನಿಗೆ ನುಗ್ಗುವ ಹೊಗೆಯ ಶಾಖ 900 ಡಿಗ್ರಿ ಸೆಲ್ಸಿಯಸ್‌ ಆಸುಪಾಸಿಗೆ ಏರುತ್ತದೆ. ಅದರ ಮಗ್ಗುಲಿನಲ್ಲಿ ಸ್ಟೀರಿಂಗಿನ ರಬ್ಬರ್‌ ಜೋಡಣೆಯೋ ಬ್ರೇಕ್‌ ಆಯಿಲಿನ ಪೈಪೋ ಹಾದುಹೋಗುತ್ತಿದ್ದು, ಶಾಖತಡೆಯ ತಗಡು ಹಾಕದಿದ್ದರೆ ಏನಾದೀತು ಎಂದು ವಿವರಿಸಬೇಕಿಲ್ಲ. ಇಂಥ ತಪ್ಪು ಇಂಟರ್‌ನೆಟ್ಟಿನ ಚಿತ್ರದಲ್ಲಿ ಕಾಣುವುದಿಲ್ಲ. ಬಾನೆಟ್‌ ಎತ್ತಿ, ಟಾರ್ಚ್‌ ಬಿಟ್ಟು ನೋಡುವ ಅನುಭವಿಯ ಕಣ್ಣಿಗಷ್ಟೇ ಬೀಳುತ್ತದೆ.

ಇನ್ನು ಶಕ್ತಿಯ ವಿಚಾರ. ಜಪಾನಿನ ತಯಾರಕರು ತಮ್ಮತಮ್ಮಲ್ಲೇ ಮಾಡಿಕೊಂಡಿದ್ದ ಒಪ್ಪಂದದಂತೆ ಆ ದೇಶದೊಳಗೆ ಮಾರಿದ 2ಜೆಝಡ್‌ ಎಂಜಿನ್ನಿನ ಘೋಷಿತ ಶಕ್ತಿ 280 ಅಶ್ವಶಕ್ತಿ ಮಾತ್ರ. ಅಂದರೆ ಕಾಗದದ ಮೇಲೆ ನೋಡಿದರೆ ಎಂ5 ಕಾರಿಗೆ ಈ ಎಂಜಿನ್‌ ಹಾಕಿದಾಗ ಶಕ್ತಿ ಇಳಿಯುತ್ತದೆ! ಆದರೆ ಟರ್ಬೊ ಎಂಜಿನ್ನಿನಲ್ಲಿ ಸಿಸಿ ಎಷ್ಟು ಎಂಬುದರಿಂದ ಏನೂ ಇತ್ಯರ್ಥವಾಗುವುದಿಲ್ಲ. ಒಳಗೆ ತಳ್ಳುವ ಗಾಳಿಯ ಒತ್ತಡವನ್ನು ಲ್ಯಾಪ್‌ಟಾಪ್‌ ಹಿಡಿದು ಏರಿಸಿ, ಅದಕ್ಕೆ ತಕ್ಕ ಟರ್ಬೊ ಮತ್ತು ಇಂಧನ ಪೂರೈಕೆ ಒದಗಿಸಿದರೆ ಅದೇ ಬ್ಲಾಕಿನಿಂದ ದುಪ್ಪಟ್ಟು ಶಕ್ತಿ ತೆಗೆಯುವವರಿದ್ದಾರೆ. ಕಾರಿನ ಬ್ರೇಕು ಮಾತ್ರ ಹಳೆಯದೇ. ಗಂಟೆಗೆ 100 ಕಿ.ಮೀ. ವೇಗದಿಂದ ನಿಲ್ಲಿಸುವಾಗ ಬ್ರೇಕು ಹೀರಬೇಕಾದ ಶಕ್ತಿಗೆ ಹೋಲಿಸಿದರೆ 140 ಕಿ.ಮೀ. ವೇಗದಿಂದ ನಿಲ್ಲಿಸುವಾಗ ಸರಿಸುಮಾರು ಎರಡರಷ್ಟು ಹೀರಬೇಕಾಗುತ್ತದೆ ಎಂಬುದು ಪ್ರೌಢಶಾಲೆಯ ಭೌತವಿಜ್ಞಾನ. ಹಾಗಾಗಿ ಎಂಜಿನ್‌ ಯಾವ ಕಂಪನಿಯದು ಎಂಬುದಕ್ಕಿಂತ ಬೂಸ್ಟ್‌ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಎಷ್ಟಕ್ಕೆ ಮಿತಿಗೊಳಿಸಲಾಗಿದೆ, ಬ್ರೇಕು ಅದಕ್ಕೆ ಸಮನಾಗಿದೆಯೇ ಎಂಬುದೇ ಸುರಕ್ಷತೆಯ ಪ್ರಶ್ನೆ.

ನಮ್ಮ ಕಾನೂನು ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್‌, ಕೇರಳ ಹೈಕೋರ್ಟಿನ ತೀರ್ಪೊಂದನ್ನು ಬದಿಗಿರಿಸಿ, ಇದೇ ಅರ್ಥವನ್ನು ಗಟ್ಟಿಗೊಳಿಸಿತು. ಅದೇ ವರ್ಷದ ತಿದ್ದುಪಡಿಯ ನಂತರ ನಿಯಮಬಾಹಿರ ಮಾರ್ಪಾಟು ಮಾಡಿದ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ತಯಾರಕರು ಪ್ರತಿ ಮಾದರಿಯನ್ನೂ ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ ಮಾರುಕಟ್ಟೆಗೆ ಬಿಡುವಾಗ, ಮೂಲೆಯ ಗ್ಯಾರೇಜಿನವರು ಅದನ್ನೆಲ್ಲ ಬದಿಗೊತ್ತಿ ಮನಬಂದಂತೆ ಬದಲಿಸುವುದು ಹೇಗೆ ಸರಿ ಎಂಬ ವಾದದಲ್ಲಿ ಹುರುಳಿದೆ. ನಾನು ಆ ವಾದವನ್ನು ಅಲ್ಲಗಳೆಯುತ್ತಿಲ್ಲ.

ಆದರೆ ಅದೇ 52ನೇ ಸೆಕ್ಷನ್‌, ಅನುಮೋದಿತ ಕಿಟ್‌ ಬಳಸಿ ವಾಹನವನ್ನು ಸಿಎನ್‌ಜಿಗೋ ಎಲ್‌ಪಿಜಿಗೋ ಬ್ಯಾಟರಿಗೋ ಬದಲಿಸಲು ಅವಕಾಶ ಕೊಟ್ಟಿದೆ. ಹಳೆಯ ಸೆಡಾನಿನ ಎಂಜಿನ್‌ ಪೂರ್ತಿ ಕಿತ್ತು, ಭಾರದ ಬ್ಯಾಟರಿ ಹೊರಿಸಿ, ನಿಂತಲ್ಲಿಂದಲೇ ಪೂರ್ಣ ಟಾರ್ಕ್‌ (ತಿರುಗಿಸುವ ಬಲ) ಕೊಡುವ ಮೋಟಾರು ಕೂರಿಸಿದರೂ ಪರೀಕ್ಷೆ, ಪ್ರಮಾಣಪತ್ರ, ನೋಂದಣಿ ಎಲ್ಲಕ್ಕೂ ದಾರಿಯಿದೆ. ಆ ಬದಲಾವಣೆ ಒಂದು ಎಂಜಿನ್ನಿನ ಜಾಗಕ್ಕೆ ಇನ್ನೊಂದು ಪೆಟ್ರೋಲ್‌ ಎಂಜಿನ್‌ ಹಾಕುವುದಕ್ಕಿಂತ ಚಿಕ್ಕದೇನಲ್ಲ. ಅದನ್ನು ಪರೀಕ್ಷಿಸಬಲ್ಲ ವ್ಯವಸ್ಥೆಗೆ ಇದನ್ನು ಪರೀಕ್ಷಿಸಲು ಆಗುವುದಿಲ್ಲವೇ?

ಬೇರೆ ಕಂಪನಿಯ ಎಂಜಿನ್‌ ಎಂದೊಡನೆ ಹುಬ್ಬೇರಿಸುವವರು ನಮ್ಮ ದೇಶದ ಕಾರುಗಳ ಚರಿತ್ರೆಯನ್ನೊಮ್ಮೆ ನೋಡಬೇಕು. ಹಿಂದೂಸ್ತಾನ್‌ ಮೋಟಾರ್ಸ್‌ನ ಕಾಂಟೆಸ್ಸಾ ಕಾರಿನ ಒಡಲು ಬ್ರಿಟನ್ನಿನ ವಾಕ್ಸ್‌ಹಾಲ್‌ ಕಂಪನಿಯದು. 1980ರ ದಶಕದಲ್ಲಿ ಬಂದಾಗ ಅದರಲ್ಲಿದ್ದದ್ದು ಅಂಬಾಸಿಡರಿನ ವಂಶದ, ಸುಮಾರು 50 ಅಶ್ವಶಕ್ತಿಯ 1.5 ಲೀಟರ್‌ ಎಂಜಿನ್‌. ಅಷ್ಟು ಭಾರದ ಕಾರನ್ನು ಅದು ಏದುಸಿರು ಬಿಡುತ್ತ ಎಳೆಯುತ್ತಿತ್ತು. ಕಂಪನಿ ಅದನ್ನು ತೆಗೆದು ಜಪಾನಿನ ಇಸುಝು ಕಂಪನಿಯ 1.8 ಲೀಟರ್‌ ಪೆಟ್ರೋಲ್‌ ಎಂಜಿನ್ನನ್ನೂ ಐದು ಗೇರುಗಳ ಪೆಟ್ಟಿಗೆಯನ್ನೂ ಕೂರಿಸಿದ ಮೇಲೆಯೇ ಕಾಂಟೆಸ್ಸಾ ಕ್ಲಾಸಿಕ್‌ ಎಂಬ ಹೆಸರಿಗೆ ಮರ್ಯಾದೆ ಬಂದದ್ದು. ಮುಂದೆ ಇಸುಝುವಿನ 2 ಲೀಟರ್‌ ಡೀಸೆಲ್‌, ಅದರ ಟರ್ಬೊ ರೂಪ ಎರಡೂ ಅದೇ ಬಾನೆಟ್ಟಿನ ಕೆಳಗೆ ಬಂದವು. ಪ್ರೀಮಿಯರ್‌ 118ಎನ್‌ಇ ಕಾರಿನ ಒಡಲು ಫಿಯಟ್‌ 124ರ ವಂಶದ್ದು, ಎಂಜಿನ್‌ ನಿಸ್ಸಾನಿನದು. ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್‌ 2000 ಇದಕ್ಕೆ ತದ್ವಿರುದ್ಧ ಪಾಠ: ಬ್ರಿಟನ್ನಿನಲ್ಲಿ 3.5 ಲೀಟರಿನ ವಿ8 ಎಂಜಿನ್‌ ಹೊತ್ತು ಓಡುತ್ತಿದ್ದ ರೋವರ್‌ ಕಾರಿನ ಒಡಲಿಗೆ ಹಳೆಯ ವ್ಯಾನ್‌ಗಾರ್ಡ್‌ ಕಾರಿನ ಕಾಲದ ನಾಲ್ಕು ಸಿಲಿಂಡರಿನ ಎಂಜಿನ್‌ ಹಾಕಿ ಮಾರಿದರು; ಕೆಲವೇ ವರ್ಷಗಳಲ್ಲಿ ಅದರ ಕಥೆ ಮುಗಿಯಿತು. ಇವೆಲ್ಲ ಕಾರ್ಖಾನೆಯೊಳಗೆ, ಸರ್ಕಾರದ ಮಂಜೂರಾತಿಯೊಡನೆ ನಡೆದವು ಎಂಬ ವ್ಯತ್ಯಾಸ ಸಣ್ಣದಲ್ಲ, ನಿಜ. ಆದರೆ ಕಂಪನಿ ಬೇರೆಯಾದ ಮಾತ್ರಕ್ಕೆ ಜೋಡಣೆ ಅಪಾಯವಾಗುವುದಿಲ್ಲ ಎಂಬುದಕ್ಕೆ ಅವು ಸಾಕ್ಷಿ. ಕಾಂಟೆಸ್ಸಾಗೆ ಇಂದಿನವರು ದೊಡ್ಡ ಎಂಜಿನ್‌ ಹಾಕಲು ಮುಂದಾಗುವುದಕ್ಕೂ ಕಾರಣವಿದೆ: ಅದೇ ವಾಕ್ಸ್‌ಹಾಲ್‌ ಒಡಲಿನ ವೆಂಟೋರಾ ಎಂಬ ಕಾರು 3.3 ಲೀಟರಿನ ಆರು ಸಿಲಿಂಡರ್‌ ಎಂಜಿನ್‌ ಹೊರುತ್ತಿತ್ತು. ಜಾಗ ಮೊದಲಿನಿಂದಲೂ ಇತ್ತು.

ಹೊರದೇಶಗಳಲ್ಲಿ ಇದನ್ನು ಸುಮ್ಮನೆ ಬಿಟ್ಟಿದ್ದಾರೆಂದು ಯಾರೂ ತಿಳಿಯಬಾರದು. ಜರ್ಮನಿಯಲ್ಲಿ ಇಂಥ ಮಾರ್ಪಾಟಿನಿಂದ ವಾಹನದ ರಸ್ತೆ ಪರವಾನಗಿಯೇ ರದ್ದಾಗಬಹುದು. ಅಧಿಕೃತ ಪರಿಣತರು ಆ ಒಂದೇ ಕಾರನ್ನು ಪ್ರತ್ಯೇಕವಾಗಿ ಪರೀಕ್ಷಿಸಿ ವರದಿ ಕೊಟ್ಟ ನಂತರವಷ್ಟೇ ಅದು ಮತ್ತೆ ರಸ್ತೆಗೆ ಬರಬೇಕು. ಆಸ್ಟ್ರೇಲಿಯಾದಲ್ಲಿ ವಾಹನದ ತೂಕಕ್ಕೆ ತಕ್ಕಂತೆ ಎಂಜಿನ್‌ ಗಾತ್ರಕ್ಕೆ ಮಿತಿಯಿದೆ, ಟರ್ಬೊ ಇದ್ದರೆ ಆ ಮಿತಿ ಇನ್ನಷ್ಟು ಬಿಗಿ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಕ್ಯಾಲಿಫೋರ್ನಿಯಾದ ನಿಯಮ. ಅಲ್ಲಿ ಹಾಕುವ ಎಂಜಿನ್‌ ಕಾರಿನಷ್ಟೇ ಹೊಸದು ಅಥವಾ ಅದಕ್ಕಿಂತ ಹೊಸದಾಗಿರಬೇಕು. ಅದರ ಜೊತೆಗೆ ಬಂದ ಕೆಟಲಿಟಿಕ್‌ ಕನ್ವರ್ಟರ್‌, ಸೆನ್ಸರ್‌ ಮುಂತಾದ ಹೊಗೆ ನಿಯಂತ್ರಣದ ಸಲಕರಣೆಗಳೆಲ್ಲವೂ ಇರಬೇಕು. ನೇಮಿತ ಪರೀಕ್ಷಕರ ಬಳಿ ಕಾರನ್ನು ಒಯ್ದು ತೋರಿಸಿ ಮುದ್ರೆ ಪಡೆಯಬೇಕು. ಹೀಗೆ ಮಾಡಿದಾಗ ಹಳೆಯ ಕಾರು ಮೊದಲಿಗಿಂತ ಕಡಿಮೆ ಹೊಗೆ ಕಾರುತ್ತದೆ.

ನಮ್ಮಲ್ಲಿ ಆಗುತ್ತಿರುವುದು ಇದರ ಉಲ್ಟಾ. ಬಿಎಸ್‌-2ಕ್ಕಿಂತ (ಭಾರತ್‌ ಸ್ಟೇಜ್‌ ಎಂಬ ಹೊಗೆ ಮಾನದಂಡದ ಎರಡನೇ ಹಂತ) ಹಿಂದಿನ ಪೆಟ್ರೋಲ್‌ ಕಾರಿಗೆ ಹೊಗೆ ತಪಾಸಣೆಯಲ್ಲಿ ಕಾರ್ಬನ್‌ ಮೊನಾಕ್ಸೈಡ್‌ ಶೇ 3ರವರೆಗೆ ಇರಬಹುದು. ಬಿಎಸ್‌-4 ಕಾರಿಗೆ ಶೇ 0.3 ಮಾತ್ರ. ಹಳೆಯ ಕಾರಿಗೆ ಹೊಸ ಎಂಜಿನ್‌ ಹಾಕಿದವರು ಕೆಟಲಿಟಿಕ್‌ ಕನ್ವರ್ಟರ್‌ ಕಿತ್ತು ಬಿಸಾಡಿದರೂ, ಆರ್‌.ಸಿ.ಯಲ್ಲಿ ಹಳೆಯ ವರ್ಷವೇ ಇರುವುದರಿಂದ, ಸಡಿಲ ಮಿತಿಯಲ್ಲೇ ಪಾಸಾಗಬಹುದು. ವಿಮೆಯ ಪರಿಸ್ಥಿತಿ ಇನ್ನೂ ಗಂಭೀರ. ಆರ್‌.ಸಿ.ಗೂ ಕಾರಿಗೂ ತಾಳೆಯಾಗದಿದ್ದರೆ ಅಪಘಾತದ ನಂತರ ಪರಿಹಾರಕ್ಕೆ ತಕರಾರು ಬರಬಹುದು. ಅದರ ಬಿಸಿ ಮಾಲೀಕರಿಗಷ್ಟೇ ಅಲ್ಲ, ಏನೂ ಅರಿಯದೆ ಅದೇ ರಸ್ತೆಯಲ್ಲಿ ಹೋಗುತ್ತಿದ್ದವರಿಗೂ ತಟ್ಟಬಹುದು. ಎಂಜಿನ್‌ ನಂಬರಿನ ದಾಖಲೆ ಇಲ್ಲದ ವ್ಯವಹಾರ ಬೆಳೆದಷ್ಟೂ ಕದ್ದ ಕಾರುಗಳ ಎಂಜಿನ್‌ ಗುಜರಿ ಮಾರುಕಟ್ಟೆಯಲ್ಲಿ ಕೈಬದಲಾಗುವುದು ಸುಲಭವಾಗುತ್ತದೆ ಎಂಬುದನ್ನು ಪೊಲೀಸರಿಗೆ ನಾನು ಹೇಳಿಕೊಡಬೇಕಿಲ್ಲ.

ಮೋಟಾರು ವಾಹನಗಳು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿರುವ ವಿಷಯವಾದರೂ ಇದು ಕೇಂದ್ರದ ಕಾಯ್ದೆ. ಜಯನಗರದ ಅಥವಾ ಹುಬ್ಬಳ್ಳಿಯ ಆರ್‌ಟಿಒ ಅಧಿಕಾರಿ ಮನಸ್ಸು ಮಾಡಿದರೂ ದಾರಿ ಕೊಡಲಾರರು. ಆದ್ದರಿಂದ ನಮ್ಮ ಸಾರಿಗೆ ಇಲಾಖೆ ಕೇಂದ್ರಕ್ಕೆ ಶಿಫಾರಸು ಮಾಡಲಿ ಎಂಬುದು ನನ್ನ ಮನವಿ. ಕೆಲಸಕ್ಕೆ ಕೈಹಾಕುವ ಮೊದಲೇ ನಕ್ಷೆ ಮತ್ತು ವಿವರ ಕೊಟ್ಟು ಒಪ್ಪಿಗೆ ಪಡೆಯುವಂತಿರಲಿ. ಮುಗಿದ ಮೇಲೆ ಎಆರ್‌ಎಐ ಅಥವಾ ಮಾನೇಸರದ ಐಕ್ಯಾಟ್‌ನಂಥ ಪರೀಕ್ಷಾ ಸಂಸ್ಥೆ ಆ ಒಂದು ಕಾರಿನ ಬ್ರೇಕು, ಸ್ಟೀರಿಂಗ್‌, ಶಬ್ದ, ಹೊಗೆ ಎಲ್ಲವನ್ನೂ, ಹಾಕಿದ ಎಂಜಿನ್ನಿನ ಕಾಲದ ಮಾನದಂಡದಂತೆ, ಪರೀಕ್ಷಿಸಲಿ. ಬೂಸ್ಟಿನ ಮಿತಿಯೂ ಅಳೆದ ಶಕ್ತಿಯೂ ಆರ್‌.ಸಿ.ಯಲ್ಲಿ ದಾಖಲಾಗಲಿ, ವಿಮೆಯ ಕಂತು ಅದರಂತೆ ಏರಲಿ. ಖರ್ಚು ಪೂರ್ತಿ ಮಾಲೀಕರದೇ. ಇಂಥ ಹವ್ಯಾಸಕ್ಕೆ ಸಾರ್ವಜನಿಕರ ಹಣದ ಒಂದು ಪೈಸೆಯೂ ಹೋಗಬಾರದು. ರೇಸ್‌ ಟ್ರ್ಯಾಕಿನಲ್ಲಷ್ಟೇ ಓಡಿಸಿ, ಟ್ರೇಲರ್‌ ಮೇಲೆ ಸಾಗಿಸುವ ಕಾರುಗಳಿಗೆ ಇದಾವುದರ ಅಗತ್ಯವೂ ಇಲ್ಲ.

ಇದರಲ್ಲಿ ನನ್ನದೊಂದು ಪಟ್ಟು ಇದೆ, ಹವ್ಯಾಸಿಗಳಿಗೆ ಅದು ರುಚಿಸಲಿಕ್ಕಿಲ್ಲ. ಮೂಲ ಎಂಜಿನ್‌ ಸುಸ್ಥಿತಿಯಲ್ಲಿರುವ ಅಪರೂಪದ ಕಾರಿಗೆ ಕೈಹಚ್ಚಲು ಒಪ್ಪಿಗೆ ಸಿಗಕೂಡದು. ದುರಸ್ತಿ ಸಾಧ್ಯವಿಲ್ಲ ಅಥವಾ ಬಿಡಿಭಾಗ ಸಿಗುತ್ತಿಲ್ಲ ಎಂಬುದನ್ನು ಮೊದಲು ತೋರಿಸಬೇಕು. ಒಡಲಿನ ತಗಡನ್ನು ಕತ್ತರಿಸದೆ, ಬೋಲ್ಟ್‌ ಬಿಚ್ಚಿ ಹಿಂದಿನ ಸ್ಥಿತಿಗೆ ತರಬಹುದಾದ ಕೆಲಸಕ್ಕೆ ಆದ್ಯತೆ ಇರಲಿ. ಇಳಿಸಿದ ಎಂಜಿನ್ನನ್ನು ಮಾಲೀಕರು ಕಾಯ್ದಿಟ್ಟುಕೊಳ್ಳಬೇಕು, ಹೊಸ ಆರ್‌.ಸಿ.ಯಲ್ಲಿ ಹಳೆಯ ಎಂಜಿನ್ನಿನ ನಂಬರೂ ಇರಬೇಕು, ಕಾರು ಮಾರಿದಾಗ ಆ ಎಂಜಿನ್ನೂ ಅದರ ಜೊತೆಗೇ ಹೋಗಬೇಕು.

ಇತಿ ತಮ್ಮ ವಿಶ್ವಾಸಿ,
ಓರ್ವ ನಿವೃತ್ತ ಎಂಜಿನಿಯರ್‌, ಬೆಂಗಳೂರು