ಎಲ್ಲ ಲೆಕ್ಕದಲ್ಲೂ ‘ಸಾಧಿಸಿ’ ಅಂತಲೇ ಯಾಕೆ?

ಸಂಪಾದಕರೇ,

ಹೈಸ್ಕೂಲಿನಲ್ಲಿರುವ ಮಗಳಿಗೆ ರೇಖಾಗಣಿತ ಹೇಳಿಕೊಡಲು ಕೂತಾಗ ಗೊತ್ತಾಯಿತು, ಅವಳಿಗೆ ತ್ರಿಭುಜಗಳ ಸರ್ವಸಮತೆ (ಒಂದರ ಮೇಲೊಂದು ಇಟ್ಟರೆ ಸರಿಯಾಗಿ ಕೂರೋದು) ಅಂದರೆ ನಾಲ್ಕು ಮಂತ್ರ ಅಷ್ಟೇ. ಬಾಕೋಬಾ, ಕೋಬಾಕೋ, ಬಾಬಾಬಾ, ಲಂವಿಬಾ. ಬಾ ಅಂದರೆ ಬಾಹು, ಕೋ ಅಂದರೆ ಕೋನ; ಬಾಕೋಬಾ ಅಂದರೆ ಎರಡು ಬಾಹು, ಅವುಗಳ ನಡುವಿನ ಕೋನ ಸಮ ಅಂತ. ಲಂವಿಬಾ ಅಂದರೆ ಲಂಬಕೋನ, ವಿಕರ್ಣ (ಲಂಬಕೋನದ ಎದುರಿನ ಬಾಹು), ಇನ್ನೊಂದು ಬಾಹು. ಎರಡು ಬಾಹು, ಒಂದು ಕೋನ ಸಮ ಅಂತ ಕಂಡ ಕೂಡಲೇ ಬಾಕೋಬಾ ಅಂತ ಬರೆದು ಮುಗಿಸುತ್ತಾಳೆ. ಆ ಕೋನ ಆ ಎರಡು ಬಾಹುಗಳ ನಡುವೆಯೇ ಇದೆಯಾ ಅಂತ ಕೇಳಿದೆ. ‘ಇರಲೇಬೇಕು, ಸಾಧಿಸಿ ಅಂತ ಕೊಟ್ಟಿದ್ದಾರಲ್ವಾ’ ಅಂದಳು! ಬೈಯೋಣ ಅನ್ನಿಸಿತು, ಆದರೆ ನಾನೂ ಪಾಸಾದದ್ದು ಹೀಗೇ.

ಸರಿ, ಕೈವಾರ ತೆಗಿ ಅಂದೆ. ಎಬಿ 8 ಸೆಂ.ಮೀ., ಎ ಬಳಿ 30 ಡಿಗ್ರಿ ಕೋನ, ಅಲ್ಲಿಂದ ಉದ್ದಕ್ಕೆ ಒಂದು ಗೆರೆ. ಈಗ ಬಿ ಮೇಲೆ ಕೈವಾರದ ಮೊನೆ ಇಟ್ಟು 5 ಸೆಂ.ಮೀ. ಕಂಸ ಎಳೆದರೆ ಅದು ಗೆರೆಯನ್ನು ಎರಡು ಕಡೆ ಕತ್ತರಿಸಿತು, ಒಂದು ಎ ಯಿಂದ 4 ಸೆಂ.ಮೀ.ಗೆ ಚೂರು ಕಡಿಮೆ, ಇನ್ನೊಂದು 10ಕ್ಕೆ ಚೂರು ಕಡಿಮೆ. ಎರಡು ಬಾಹುಗಳ ಅಳತೆ ಅದೇ, ಕೋನವೂ ಅದೇ, ತ್ರಿಭುಜ ಮಾತ್ರ ಒಂದು ಕುಳ್ಳ, ಒಂದು ಉದ್ದ. ಬಾಬಾಕೋ ಅಂತ ನಿಯಮ ಯಾಕಿಲ್ಲ ಅನ್ನೋದು ಅವಳಿಗೆ ಆಗ ಹೊಳೆಯಿತು.

ಮರುಕ್ಷಣವೇ ಅವಳ ಪ್ರಶ್ನೆ ಬಂತು: ‘ಹಾಗಾದ್ರೆ ಲಂವಿಬಾ? ಅದರಲ್ಲೂ ಕೋನ ನಡುವೆ ಇಲ್ಲವಲ್ಲ?’ ನಿಜ, ನಾನು ಯಾವತ್ತೂ ಯೋಚಿಸಿರಲಿಲ್ಲ. ಎಬಿ 3 ಸೆಂ.ಮೀ., ಎ ಬಳಿ 90 ಡಿಗ್ರಿ ಮಾಡಿ ಗೆರೆಯನ್ನು ಎರಡೂ ಕಡೆಗೆ ಎಳೆದು, ಬಿ ಯಿಂದ 5 ಸೆಂ.ಮೀ. ಕಂಸ ಹಾಕಿದೆವು. ಇಲ್ಲೂ ಎರಡು ಕಡೆ ಕತ್ತರಿಸಿತು. ಆದರೆ ಎ ಯ ಆಚೆ 4, ಈಚೆ 4. ಎಬಿ ಗುಂಟ ಹಾಳೆ ಮಡಚಿದರೆ ಎರಡು ತ್ರಿಭುಜಗಳೂ ಒಂದರ ಮೇಲೊಂದು ಸರಿಯಾಗಿ ಕೂತವು. ಲಂಬಕೋನ ಇದ್ದಾಗ ಆ ಎರಡು ಉತ್ತರಗಳೂ ಒಂದೇ ಆಗಿಬಿಡುತ್ತವೆ, ಅದಕ್ಕೇ ಲಂವಿಬಾ ನಡೆಯುತ್ತದೆ. ಇಷ್ಟಕ್ಕೆ ಅರ್ಧ ಗಂಟೆ ಸಾಕಾಯಿತು.

ಅಕ್ಷರಗಳ ಕ್ರಮದ್ದು ಇನ್ನೊಂದು ಕಥೆ. ಎಬಿಸಿ ಪಿಕ್ಯೂಆರ್‌ಗೆ ಸರ್ವಸಮ ಅಂತ ಬರೆಯೋ ಕಡೆ ಮಗಳು ಕ್ಯೂಪಿಆರ್ ಅಂತ ಬರೆದಿದ್ದಳು, ಅಂಕ ಹೋಯಿತು. ಹೋಗಬೇಕಾದದ್ದೇ. ಎ ಗೆ ಪಿ, ಬಿ ಗೆ ಕ್ಯೂ ಅಂತ ಜೋಡಿ ಹೇಳೋದು ಆ ಕ್ರಮವೇ ತಾನೇ? ಆದರೆ ಉತ್ತರಪತ್ರಿಕೆಯಲ್ಲಿ ಸುಮ್ನೆ ಒಂದು ಕೆಂಪು ಗೀಟು, ಯಾಕೆ ಅಂತ ಒಂದು ಪದವೂ ಇಲ್ಲ.

ಇಷ್ಟೆಲ್ಲ ಬರೆದದ್ದು ಒಂದು ಮಾತು ಕೇಳಲಿಕ್ಕೆ. ಪ್ರಶ್ನೆಪತ್ರಿಕೆಯಲ್ಲಿ ಯಾವಾಗಲೂ ‘ಸರ್ವಸಮ ಎಂದು ಸಾಧಿಸಿ’ ಅಂತಲೇ ಇರುತ್ತದೆ. ಅಂದರೆ ಉತ್ತರ ಮೊದಲೇ ಗೊತ್ತು, ಮಕ್ಕಳು ಅದಕ್ಕೆ ಹೊಂದುವ ಮಂತ್ರ ಹುಡುಕಿದರೆ ಆಯಿತು. ಒಂದಾದರೂ ಪ್ರಶ್ನೆ ‘ಇವು ಸರ್ವಸಮವೇ? ಕೊಟ್ಟಿರುವ ಮಾಹಿತಿ ಸಾಕೇ? ಸಾಲದಿದ್ದರೆ ಬೇರೆ ತ್ರಿಭುಜ ಎಳೆದು ತೋರಿಸಿ’ ಅಂತ ಇರಲಿ. ಮೂರು ಕೋನ ಸಮ ಅಂತ ಕೊಟ್ಟು ಕೇಳಲಿ, ಎಷ್ಟು ಮಕ್ಕಳು ‘ಕೋಕೋಕೋ’ ಅಂತ ಹೊಸ ನಿಯಮ ಬರೆಯುತ್ತಾರೋ ನೋಡೋಣ. ಪ್ರಶ್ನೆಪತ್ರಿಕೆ ತಯಾರಿಸುವ ಮೇಷ್ಟ್ರುಗಳು ಯಾರಾದರೂ ಇದನ್ನು ಓದಿದರೆ, ಇಂಥದ್ದು ಹಾಕಲು ಏನು ಅಡ್ಡಿ ಅಂತ ಇದೇ ಅಂಕಣದಲ್ಲಿ ಬರೆಯಲಿ.

– ಒಬ್ಬ ಪೋಷಕ