ರಿಂಗ್ ಕಡೆ ಬಾಲೇ ಹೋಗಲಿಲ್ಲ ಅಪ್ಪ

ಹ್ಯೂಸ್ಟನ್
9 ಏಪ್ರಿಲ್ 2025, ಬುಧವಾರ

ಅಪ್ಪನಿಗೆ, ಅಮ್ಮನಿಗೆ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಅಮ್ಮ, ನಿನ್ನೆ ಫೋನಿನಲ್ಲಿ ನನ್ನ ದನಿ ಕೇಳಿ ಜ್ವರ ಬಂದಿದೆಯಾ ಅಂತ ಕೇಳಿದೆಯಲ್ಲ, ಜ್ವರ ಗಿರ ಏನೂ ಇಲ್ಲ. ನಮ್ಮ ಯೂನಿವರ್ಸಿಟಿಯ ಬ್ಯಾಸ್ಕೆಟ್‌ಬಾಲ್ ಟೀಮು ಇಡೀ ಅಮೆರಿಕದ ಕಾಲೇಜು ಟೀಮುಗಳ ಟೂರ್ನಮೆಂಟಿನ ಫೈನಲ್‌ನಲ್ಲಿ ಸೋತಿತು. ಫೋನಿನಲ್ಲಿ ಹೇಳಲು ಹೋದರೆ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆಯಲು ಕೂತೆ. ಈ ಪತ್ರ ಜಾಸ್ತಿ ಅಪ್ಪನಿಗೆ. ನಿನಗೆ ಬೇಕಾದ್ದು ಕೊನೆಯಲ್ಲಿದೆ, ನೇರ ಅಲ್ಲಿಗೇ ಹೋಗಬೇಡ, ಪೂರ್ತಿ ಓದು.

ಅಪ್ಪ, ಸೋಮವಾರ ರಾತ್ರಿ ಸ್ಯಾನ್ ಆಂಟೋನಿಯೋದ ಅಲಮೋಡೋಮ್‌ನಲ್ಲಿ ಪಂದ್ಯ. ಫ್ಲೋರಿಡಾ 65, ಹ್ಯೂಸ್ಟನ್ 63. ಎರಡೇ ಪಾಯಿಂಟು. ಜಂಪ್ ಬಾಲ್ ಆಗುವಾಗ ನಿಮ್ಮಲ್ಲಿ ಮಂಗಳವಾರ ಬೆಳಿಗ್ಗೆ ಆರೂವರೆ ಹತ್ತಿರ. ನೀವು ಹಾಲು ತಂದಿಟ್ಟು ಪೇಪರ್ ಹಿಡಿದು ಜಗಲಿಯಲ್ಲಿ ಕೂತಿರುತ್ತೀರಿ. ಇಲ್ಲಿ ನಮ್ಮ ಹಾಲ್‌ನಲ್ಲಿ ನಾವು ಏಳು ಜನ, ಎಲ್ಲರೂ ಕೆಂಪು ಟೀ ಶರ್ಟು. ನನ್ನ ಮಡಿಲಲ್ಲಿ ಒಂದು ನೋಟ್‌ಬುಕ್ಕು.

ನೀವು ಸ್ಕೂಲ್ ಟೀಮನ್ನು ತಾಲ್ಲೂಕು, ಜಿಲ್ಲಾ ಮಟ್ಟಕ್ಕೆ ಕರೆದುಕೊಂಡು ಹೋಗುತ್ತಿದ್ದಾಗ ಇನ್ನೂರು ಪುಟದ ನೋಟ್‌ಬುಕ್ಕಿಗೆ ಗೆರೆ ಹಾಕಿ ಸ್ಕೋರ್ ಬರೆದುಕೊಳ್ಳುತ್ತಿದ್ದಿರಲ್ಲ. ಸೋತು ವಾಪಸ್ ಬರುವಾಗ ಬಸ್ಸಿನಲ್ಲಿ ಯಾರಾದರೂ ಕೊನೆಯ ಬಾಲ್ ನೆನೆಸಿಕೊಂಡು ಅತ್ತರೆ ಆ ಪುಟ ಬಿಡಿಸಿ ಮಧ್ಯದ ಯಾವುದೋ ಸಾಲಿನ ಮೇಲೆ ಬೆರಳಿಡುತ್ತಿದ್ದಿರಿ. "ಸೋತಿದ್ದು ಇಲ್ಲಿ, ನೋಡು" ಅನ್ನುತ್ತಿದ್ದಿರಿ. ನಾನೂ ಸೋಮವಾರ ಹಾಗೇ ಗೆರೆ ಹಾಕಿಕೊಂಡು ಕೂತಿದ್ದೆ. ಇನ್ನೊಂದು ವಿಷಯ, ಇಲ್ಲಿನ ಗಂಡುಮಕ್ಕಳ ಕಾಲೇಜು ಆಟ ಇನ್ನೂ ನಿಮ್ಮ ಕಾಲದ ಆಟವೇ. ನಾಲ್ಕು ಕ್ವಾರ್ಟರ್ ಇಲ್ಲ. 20 ನಿಮಿಷದ ಎರಡು ಹಾಫ್. ಶಾಟ್ ಹಾಕಲು 30 ಸೆಕೆಂಡು. ನೀವಿದ್ದಿದ್ದರೆ ಒಂದು ಮಾತೂ ವಿವರಿಸಬೇಕಾಗಿರಲಿಲ್ಲ.

ಮೊದಲು ಈ ಟೀಮಿನ ಬಗ್ಗೆ. ಕೋಚ್ ಕೆಲ್ವಿನ್ ಸ್ಯಾಂಪ್ಸನ್‌ಗೆ 69 ವರ್ಷ. 2014ರಲ್ಲಿ ಇಲ್ಲಿಗೆ ಬಂದರು. ನಿಮಗೆ ತುಂಬ ಹಿಡಿಸುವ ಮನುಷ್ಯ. ಪ್ರಾಕ್ಟೀಸ್‌ನಲ್ಲಿ ರಿಂಗಿನ ಮೇಲೆ ಮುಚ್ಚಳದ ಥರ ಒಂದು ಗುಮ್ಮಟ ಕೂರಿಸುತ್ತಾರೆ. ಯಾವ ಶಾಟೂ ಒಳಗೆ ಹೋಗುವುದಿಲ್ಲ, ಎಲ್ಲವೂ ಚಿಮ್ಮುತ್ತದೆ. ಹುಡುಗರು ಬರೀ ರೀಬೌಂಡಿಗೆ ಹಾರುತ್ತಿರಬೇಕು. ಮತ್ತೆ ಲೂಸ್ ಬಾಲ್ ಅಭ್ಯಾಸ. ನೆಲಕ್ಕೆ ಬಾಲ್ ಉರುಳಿಸುತ್ತಾರೆ, ಇಬ್ಬರು ಅದರ ಮೇಲೆ ಬೀಳಬೇಕು. ಮೊಣಕೈ ತರಚಿದರೂ ಪರವಾಗಿಲ್ಲ. ಕಬಡ್ಡಿಯಲ್ಲಿ ಕಾಲು ಹಿಡಿದವನು ಬಿಡಬಾರದು ಅಂತ ನೀವು ಹೇಳುತ್ತಿದ್ದ ಹಾಗೆ. ನೆಲಕ್ಕೆ ಬಿದ್ದ ಬಾಲು ಹ್ಯೂಸ್ಟನ್‌ದೇ ಅನ್ನುವುದು ಈ ಟೀಮಿನ ಹೆಮ್ಮೆ. ಇದನ್ನು ನೆನಪಿಟ್ಟುಕೊಳ್ಳಿ ಅಪ್ಪ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಫೈನಲ್‌ವರೆಗಿನ ದಾರಿ ನಮ್ಮ ಹಬ್ಬಗಳ ಜೊತೆಜೊತೆಗೇ ಬಂತು. ಯುಗಾದಿಗೆ ಎರಡು ದಿನ ಮುಂಚೆ ಪರ್ಡ್ಯೂ ಮೇಲೆ 62-60. ಕೊನೆಯ ಸೆಕೆಂಡಿನಲ್ಲಿ ಮಿಲೋಸ್ ಉಝಾನ್ ಹಾಕಿದ ಲೇ-ಅಪ್. ಯುಗಾದಿ ದಿನವೇ ಟೆನೆಸಿ ಮೇಲೆ 69-50. ಬೇವು ಬೆಲ್ಲ ತಿಂದು ಟಿವಿ ಮುಂದೆ ಕೂತಿದ್ದೆ. ಶನಿವಾರ ಸೆಮಿಫೈನಲ್, ಡ್ಯೂಕ್ ಮೇಲೆ. 14 ಪಾಯಿಂಟ್ ಹಿಂದೆ ಇದ್ದೆವು. ಇನ್ನೇನು ಅರ್ಧ ನಿಮಿಷ ಉಳಿದಿದೆ ಅನ್ನುವಾಗಲೂ ಆರು ಪಾಯಿಂಟ್ ಹಿಂದೆ. ಆಗ ಇಮ್ಯಾನ್ಯುಯೆಲ್ ಶಾರ್ಪ್ ದೂರದಿಂದ ಒಂದು ಮೂರು ಪಾಯಿಂಟಿನ ಶಾಟ್ ಹಾಕಿದ. ಜೋಸೆಫ್ ಟಗ್ಲರ್ ಒಂದು ಡಂಕ್ ಹೊಡೆದ. ರಾಬರ್ಟ್ಸ್ ಫೌಲಿಗೆ ಸಿಕ್ಕ ಎರಡು ಫ್ರೀ ಥ್ರೋ ಹಾಕಿದ. ಕೊನೆಗೆ 70-67, ಗೆದ್ದೇ ಬಿಟ್ಟೆವು. ಮಾರನೇ ದಿನ ರಾಮನವಮಿ. ಪೇರ್‌ಲ್ಯಾಂಡಿನ ಮೀನಾಕ್ಷಿ ದೇವಸ್ಥಾನಕ್ಕೆ ಹೋಗಿ ಅಮ್ಮ, ನೀನು ಹೇಳಿದ ಹಾಗೆ ನಿನ್ನ ಹೆಸರು, ಅಪ್ಪನ ಹೆಸರು, ಪುಟ್ಟನ ಹೆಸರು ಹೇಳಿ ಅರ್ಚನೆ ಮಾಡಿಸಿದೆ. ಟೀಮಿಗೂ ಮನಸ್ಸಿನಲ್ಲೇ ಬೇಡಿಕೊಂಡೆ.

ಈಗ ನನ್ನ ನೋಟ್‌ಬುಕ್ಕಿನ ಪುಟಕ್ಕೆ ಬರುತ್ತೇನೆ.

ಫ್ಲೋರಿಡಾದ ದೊಡ್ಡ ಆಟಗಾರ ವಾಲ್ಟರ್ ಕ್ಲೇಟನ್. ಶನಿವಾರ ಆಬರ್ನ್ ಮೇಲೆ ಒಬ್ಬನೇ 34 ಪಾಯಿಂಟ್ ಹೊಡೆದವನು. ಮೊದಲ ಹಾಫ್‌ನಲ್ಲಿ ನಾವು ಅವನಿಗೆ ಒಂದೂ ಕೊಡಲಿಲ್ಲ. ಸೊನ್ನೆ! ಅವನು ಬಾಲ್ ಹಿಡಿದರೆ ಸಾಕು, ಇಬ್ಬರು ಮೈಮೇಲೆ. ಆದರೆ ಒಬ್ಬನ ಮೇಲೆ ಇಬ್ಬರು ಬಿದ್ದರೆ ಇನ್ನೊಬ್ಬ ಖಾಲಿ ಇರುತ್ತಾನಲ್ವಾ. ಆ ಖಾಲಿ ಜಾಗದಲ್ಲಿ ವಿಲ್ ರಿಚರ್ಡ್ ನಿಂತಿದ್ದ. ಅವನದು 18 ಪಾಯಿಂಟು, ಅವರ ಟೀಮಿನಲ್ಲಿ ಅವನದೇ ಜಾಸ್ತಿ. ಹೀಗಾಗಿ ಕ್ಲೇಟನ್ ಸೊನ್ನೆಯಲ್ಲಿದ್ದರೂ ಹಾಫ್ ಟೈಮಿಗೆ ನಮ್ಮ ಲೀಡ್ ಮೂರೇ, 31-28. ನನ್ನ ರೂಮ್‌ಮೇಟ್‌ಗಳು ಕುಣಿಯುತ್ತಿದ್ದರು. ನನಗೆ ಆ ಮೂರು ಸಾಲದು ಅನ್ನಿಸಿತು. ಇಷ್ಟು ಚೆನ್ನಾಗಿ ತಡೆದಿದ್ದಕ್ಕೆ ಹತ್ತಾದರೂ ಸಿಗಬೇಕಿತ್ತು.

ಎರಡನೇ ಹಾಫ್ ಶುರುವಾಗಿ ನಾಲ್ಕು ನಿಮಿಷ ಆಗಿರಬೇಕು. 42-30. ಹನ್ನೆರಡು ಪಾಯಿಂಟ್ ಮುಂದೆ. ಆ ಸಾಲಿನ ಕೆಳಗೆ ನಾನು ಎರಡು ಗೆರೆ ಎಳೆದಿದ್ದೇನೆ. ಅಪ್ಪ, ನನ್ನ ಪ್ರಕಾರ ಪಂದ್ಯ ಕೈಬಿಟ್ಟಿದ್ದು ಅಲ್ಲಿಂದ.

ಹ್ಯೂಸ್ಟನ್ ನಿಧಾನಕ್ಕೆ ಆಡುವ ಟೀಮು. 30 ಸೆಕೆಂಡನ್ನೂ ಹಿಂಡಿ ಹಿಂಡಿ ಬಳಸುತ್ತದೆ. ಎದುರಾಳಿಗೆ ಬಾಲ್ ಕಡಿಮೆ ಸಿಗಲಿ, ಸಿಕ್ಕಿದ್ದರಲ್ಲೂ ಕಷ್ಟಪಡಲಿ ಅನ್ನುವ ಲೆಕ್ಕ. ಲೆಕ್ಕ ಸರಿಯೇ. ವರ್ಷಪೂರ್ತಿ ಅದರಿಂದಲೇ ಗೆದ್ದರು, ಈ ಫೈನಲ್ ಸೇರಿ ಸೋತಿದ್ದು ಐದೇ ಪಂದ್ಯ. ಆದರೆ ಹೀಗೆ ಆಡುವವರಿಗೆ ಸಿಗುವ ಶಾಟುಗಳೂ ಕಡಿಮೆ. ಅವು ಬೀಳದೆ ಹೋದರೆ ಲೀಡ್ ಬೆಳೆಯುವುದಿಲ್ಲ. ಸೋಮವಾರ ಅವು ಬೀಳಲಿಲ್ಲ. ಎಲ್.ಜೆ. ಕ್ರೈಯರ್ ಒಬ್ಬ 19 ಹೊಡೆದ. ಉಳಿದವರ ಕೈ ತಣ್ಣಗಿತ್ತು. ಹಾಕಿದ ಹತ್ತು ಶಾಟಿನಲ್ಲಿ ನಾಲ್ಕೂ ಒಳಗೆ ಹೋಗದಂಥ ರಾತ್ರಿ ಅದು. ಆ 42-30ರ ಹೊತ್ತಿನಲ್ಲಿ ಇನ್ನೆರಡು ಬಿದ್ದಿದ್ದರೆ ಫ್ಲೋರಿಡಾದವರ ಎದೆ ಒಡೆಯುತ್ತಿತ್ತು. ನಾವು ಲೀಡನ್ನು ಕಾಯಲು ಹೋದೆವು. ಅವರು ರಿಂಗ್ ಕಡೆ ನುಗ್ಗಲು ಶುರು ಮಾಡಿದರು.

ಕ್ಲೇಟನ್ ಕೂಡ ಒಳಗೆ ನುಗ್ಗಿದ. ಅವನ 11 ಪಾಯಿಂಟೂ ಎರಡನೇ ಹಾಫ್‌ನದೇ. ಒಳಗೆ ನುಗ್ಗುವವನನ್ನು ತಡೆಯಲು ನಮ್ಮವರು ಫೌಲ್ ಮಾಡಿದರು. ಸ್ಯಾಂಪ್ಸನ್ ಹುಡುಗರು ಮೈಗೆ ಮೈ ತಾಗಿಸಿ ಆಡುವವರು, ಅದು ಅವರ ಬಲ. ರೆಫರಿ ವಿಸಿಲ್ ಊದತೊಡಗಿದರೆ ಅದೇ ಬಲ ಕೈಕೊಡುತ್ತದೆ. ನೀವು ಕೊನೆಯ ಸಾಲುಗಳನ್ನು ನೋಡಿ. ಫ್ಲೋರಿಡಾದ ಕೊನೆಯ ಮೂರೂ ಪಾಯಿಂಟ್ ಫ್ರೀ ಥ್ರೋದಿಂದ ಬಂದವು. 46 ಸೆಕೆಂಡ್ ಉಳಿದಿದ್ದಾಗ ಅಲೈಜಾ ಮಾರ್ಟಿನ್ ಎರಡು ಹಾಕಿ 64-63 ಮಾಡಿದ. ಆಟದ ಶುರುವಿನ ಸ್ವಲ್ಪ ಹೊತ್ತು ಬಿಟ್ಟರೆ ಫ್ಲೋರಿಡಾ ಮುಂದೆ ಬಂದಿದ್ದೇ ಆಗ. ಆಮೇಲೆ ಅಬರ್ಡೀನ್ ಒಂದು ಹಾಕಿದ, 65-63. 40 ನಿಮಿಷದ ಆಟದಲ್ಲಿ ಅವರು ಮುಂದಿದ್ದಿದ್ದು ಒಟ್ಟು ಒಂದು ನಿಮಿಷದಷ್ಟು. ಆದರೆ ಆ ನಿಮಿಷ ಬಂದಿದ್ದು ಕೊನೆಗೆ.

ಕೊನೆಯ ಬಾಲ್ ಬಗ್ಗೆ ಹೇಗೆ ಬರೆಯಲಿ? ಹಿಂದೆ ಬಿದ್ದ ಮೇಲೆ ನಮಗೆ ಎರಡು ಸಲ ಬಾಲ್ ಸಿಕ್ಕಿತು. ಎರಡು ಸಲವೂ ಒಂದು ಶಾಟ್ ಕೂಡ ರಿಂಗ್ ಕಡೆ ಹೋಗಲಿಲ್ಲ. ಮೊದಲನೇ ಸಲ ರಿಚರ್ಡ್ ಅಡ್ಡ ಬಂದ, ಶಾರ್ಪ್ ಕೈಯಿಂದ ಬಾಲ್ ಹೋಯಿತು. ಎರಡನೇ ಸಲ ಕೆಲವೇ ಸೆಕೆಂಡ್ ಉಳಿದಿತ್ತು. ಬಾಲ್ ಮತ್ತೆ ಶಾರ್ಪ್ ಕೈಗೆ ಬಂತು, ಮೂರು ಪಾಯಿಂಟಿನ ಗೆರೆಯ ಆಚೆ. ಬಿದ್ದರೆ ಗೆದ್ದೆವು. ಅವನು ಹಾರಿದ. ಹಾರಿದ ಗಳಿಗೆಗೆ ಕ್ಲೇಟನ್ ಎದುರಿನಿಂದ ಓಡಿ ಬಂದು ಕೈ ಎತ್ತಿದ. ಬಿಟ್ಟರೆ ಬ್ಲಾಕ್ ಆಗುತ್ತದೆ. ಬಾಲ್ ಹಿಡಿದುಕೊಂಡೇ ಕೆಳಗಿಳಿದರೆ ಟ್ರಾವೆಲ್, ಬಾಲ್ ಅವರಿಗೆ ಹೋಗುತ್ತದೆ. ಗಾಳಿಯಲ್ಲಿ ಇದ್ದ ಆ ಅರ್ಧ ಸೆಕೆಂಡಿನಲ್ಲಿ ಪಾಪ ಅವನು ಬಾಲನ್ನು ನೆಲಕ್ಕೆ ಬಿಟ್ಟ.

ಆಮೇಲೆ ಬಾಲ್ ಅವನ ಕಾಲ ಬುಡದಲ್ಲೇ ಪುಟಿಯುತ್ತಿತ್ತು ಅಪ್ಪ. ಒಂದು, ಎರಡು, ಮೂರು ಸಲ. ಕೈ ಚಾಚಿದರೆ ಸಿಗುತ್ತಿತ್ತು. ಆದರೆ ಅವನು ಮುಟ್ಟುವ ಹಾಗಿಲ್ಲ. ಹಾರಿ ಬಿಟ್ಟವನೇ ಮೊದಲು ಮುಟ್ಟಿದರೆ ಅದೂ ಟ್ರಾವೆಲ್. ಬೇರೆ ಯಾರಾದರೂ ನಮ್ಮವರು ಮುಟ್ಟಬೇಕು. ಅವನು ಮೈ ಅಡ್ಡ ಕೊಟ್ಟು ಕ್ಲೇಟನ್‌ನನ್ನು ತಡೆಯುತ್ತ ನಿಂತ, ಕೈ ಮಾತ್ರ ಕೆಳಗೆ ಹೋಗಲಿಲ್ಲ. ನೆಲಕ್ಕೆ ಬಿದ್ದ ಬಾಲ್ ಮೇಲೆ ಬೀಳುವುದನ್ನೇ ವರ್ಷಗಟ್ಟಲೆ ಕಲಿತ ಹುಡುಗ! ಕಾಂಡನ್ ಅಂತ ಫ್ಲೋರಿಡಾದ ಹುಡುಗ, ಆಸ್ಟ್ರೇಲಿಯಾದವನು, ಬಂದು ಆ ಬಾಲ್ ಮೇಲೆ ಬಿದ್ದ. ಟೈಮ್ ಮುಗಿಯಿತು. ನಮ್ಮ ಹಾಲ್‌ನಲ್ಲಿ ಯಾರೂ ಉಸಿರೆತ್ತಲಿಲ್ಲ. ನನ್ನ ಪೆನ್ನು ಕಾಗದ ಹರಿದುಕೊಂಡು ಕೆಳಗಿನ ಪುಟಕ್ಕೆ ಹೋಗಿದ್ದು ಆಮೇಲೆ ಗೊತ್ತಾಯಿತು.

ಎರಡು ದಿನದಿಂದ ಇಲ್ಲಿ ಎಲ್ಲರ ಬಾಯಲ್ಲೂ ಶಾರ್ಪ್ ಹೆಸರೇ. ಕ್ಯಾಂಟೀನಿನಲ್ಲಿ, ಲ್ಯಾಬಿನಲ್ಲಿ, ಬಸ್ಸಿನಲ್ಲಿ. ನನಗೆ ಇದು ಸಹಿಸಲು ಆಗುತ್ತಿಲ್ಲ. ಶನಿವಾರ ಅವನ ಶಾಟ್ ಬೀಳದಿದ್ದರೆ ಸೋಮವಾರ ಈ ಊರಿಗೆ ಫೈನಲ್ಲೇ ಇರುತ್ತಿರಲಿಲ್ಲ. ಇದನ್ನು ಬಾಯಿಬಿಟ್ಟು ಹೇಳಿಯೂ ಬಂದೆ, ಲ್ಯಾಬಿನಲ್ಲಿ ಒಬ್ಬರ ಜೊತೆ ಸ್ವಲ್ಪ ಜೋರಾಗಿಯೇ. ಎರಡು ಪಾಯಿಂಟ್ ಹಿಂದೆ ಇದ್ದಾಗ ಗೆರೆಯ ಆಚೆಯಿಂದಲೇ ಹಾಕಬೇಕಿತ್ತಾ, ಒಳಗೆ ನುಗ್ಗಿ ಎರಡು ತೆಗೆದುಕೊಂಡು ಸಮ ಮಾಡಿದ್ದರೆ ಸಾಕಿತ್ತಲ್ವಾ ಅನ್ನುವುದು ಬೇರೆ ಮಾತು. ನಾನಾಗಿದ್ದರೆ ನುಗ್ಗುತ್ತಿದ್ದೆ. ಫೌಲ್ ಆದರೂ ಸಿಗುತ್ತಿತ್ತು. ಆದರೆ ಕ್ಲೇಟನ್ ಅಷ್ಟು ಬೇಗ ಬಂದು ತಲುಪಿದ್ದನ್ನೂ ಹೇಳಬೇಕು. ಆಟವಿಡೀ ನಾವು ಅವನಿಗೆ ಏನು ಮಾಡಿದೆವೋ ಅದನ್ನೇ ಅವನು ಕೊನೆಯ ಬಾಲಿನಲ್ಲಿ ನಮಗೆ ಮಾಡಿದ. ಒಳ್ಳೆಯ ಡಿಫೆನ್ಸ್ ಅದು. ನೀವು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಿರಿ.

ಈ ಊರಿನ ಹಳೇ ಜನರ ದುಃಖ ನನ್ನದಕ್ಕಿಂತ ದೊಡ್ಡದು. 1968ರಲ್ಲಿ ಇಲ್ಲಿನ ಆಸ್ಟ್ರೋಡೋಮ್‌ನಲ್ಲಿ 52,693 ಜನ ಸೇರಿ ನೋಡಿದ ಪಂದ್ಯದಲ್ಲಿ ಹ್ಯೂಸ್ಟನ್ 71-69ರಲ್ಲಿ ಲಾಸ್ ಏಂಜಲಿಸ್‌ನ ಯುಸಿಎಲ್‌ಎ ಯೂನಿವರ್ಸಿಟಿಯನ್ನು ಸೋಲಿಸಿತ್ತು. ಅಷ್ಟು ದೊಡ್ಡ ಹೆಸರಿದ್ದರೂ ಕಪ್ ಮಾತ್ರ ಒಂದೂ ಬಂದಿಲ್ಲ. 1983ರಲ್ಲಿ ಹಕೀಮ್ ಒಲಾಜುವನ್, ಕ್ಲೈಡ್ ಡ್ರೆಕ್ಸ್‌ಲರ್ ಇಬ್ಬರೂ ಇದ್ದ ಟೀಮು. ಗೆದ್ದೇ ಗೆಲ್ಲುತ್ತೆ ಅಂತ ಎಲ್ಲರೂ ಅಂದುಕೊಂಡಿದ್ದರು. ನಾರ್ತ್ ಕೆರೊಲಿನಾ ಸ್ಟೇಟ್ ಮೇಲೆ 54-52ರಲ್ಲಿ ಸೋತಿತು. ಅಲ್ಲೂ ಎರಡೇ ಪಾಯಿಂಟು, ಅಲ್ಲೂ ಕೊನೆಯ ಸೆಕೆಂಡು. ಮುಂದಿನ ವರ್ಷ ಜಾರ್ಜ್‌ಟೌನ್ ಮೇಲೆ ಮತ್ತೆ ಫೈನಲ್ ಸೋತರು. ಅಲ್ಲಿಂದ ಮತ್ತೊಂದು ಫೈನಲ್‌ಗೆ ಬರಲು 41 ವರ್ಷ ಆಯಿತು. ನಮ್ಮ ಡಿಪಾರ್ಟ್‌ಮೆಂಟಿನ ಆಫೀಸಿನಲ್ಲಿ ಕೆಲಸ ಮಾಡುವ ಒಬ್ಬ ಆಂಟಿ ಇದ್ದಾರೆ, 1983ರಲ್ಲಿ ಇಲ್ಲೇ ಸ್ಟೂಡೆಂಟ್. ನಿನ್ನೆ ಫಾರ್ಮ್ ಕೊಡಲು ಹೋದೆ. ಕೆಂಪು ಸ್ವೆಟರ್ ಹಾಕಿಕೊಂಡೇ ಬಂದಿದ್ದರು. ನನ್ನ ಮುಖ ನೋಡಿ ಏನೂ ಹೇಳದೆ ಉಂಗುರದ ಬೆರಳು ಮಡಚಿ ಕೈ ಎತ್ತಿದರು. ಅದು ಇಲ್ಲಿನವರ ಗುರುತು. 1953ರಲ್ಲಿ ಯೂನಿವರ್ಸಿಟಿ ಸಾಕಿದ್ದ ಷಾಸ್ತಾ ಅನ್ನುವ ಕೂಗರ್, ಅದೇ ನಮ್ಮ ಟೀಮಿನ ಲಾಂಛನದ ಪ್ರಾಣಿ, ಪಂದ್ಯಕ್ಕೆ ಹೋಗುವಾಗ ಬೋನಿನ ಬಾಗಿಲಿಗೆ ಸಿಕ್ಕಿ ಕಾಲ್ಬೆರಳು ಕಳೆದುಕೊಂಡಿತಂತೆ. ಎದುರು ಟೀಮಿನವರು ಬೆರಳು ಮಡಚಿ ಅಣಕಿಸಿದರಂತೆ. ಇವರು ಅದನ್ನೇ ತಮ್ಮ ಗುರುತು ಮಾಡಿಕೊಂಡರು. ನಾನೂ ಬೆರಳು ಮಡಚಿ ತೋರಿಸಿದೆ. ಇಬ್ಬರ ಕಣ್ಣಲ್ಲೂ ನೀರು ಬಂತು.

ಅಮ್ಮ, ಈಗ ನಿನ್ನ ವಿಷಯ. ಸೋಮವಾರ ರಾತ್ರಿ ಊಟ ಬಿಟ್ಟಿದ್ದು ನಿಜ. ನಿನ್ನೆ ಅನ್ನ, ತಿಳಿಸಾರು ಮಾಡಿಕೊಂಡು ಸರಿಯಾಗಿ ತಿಂದೆ. ಮಾವಿನಮಿಡಿ ಉಪ್ಪಿನಕಾಯಿ ಇನ್ನೂ ಕಾಲು ಡಬ್ಬಿ ಇದೆ. ಸಾರಿನಪುಡಿ ಮುಗಿದಿದೆ. ಮೇ ತಿಂಗಳಲ್ಲಿ ಯಾರಾದರೂ ಈ ಕಡೆ ಬರುವವರಿದ್ದರೆ ಅರ್ಧ ಕೇಜಿ ಕಳಿಸು. ಪುಟ್ಟನಿಗೆ ಪರೀಕ್ಷೆ ಹೇಗಾಯಿತು ಅಂತ ಬರೆಯಲು ಹೇಳು. ಸ್ಕೂಲಿನ ರಿಂಗಿಗೆ ಹೊಸ ನೆಟ್ ಕಟ್ಟಿದರಂತೆ, ನಿಜವಾ?

ಅಪ್ಪ, ಆ ಪುಟವನ್ನು ಜೆರಾಕ್ಸ್ ಮಾಡಿಸಿ ಇದರ ಜೊತೆ ಇಟ್ಟಿದ್ದೇನೆ. ಕೆಳಗೆ ಹರಿದಿರುವುದು ಕೊನೆಯ ಬಾಲ್. ನಾನು 42-30ರ ಕೆಳಗೆ ಗೆರೆ ಎಳೆದಿದ್ದೇನೆ. ನೀವು ಕನ್ನಡಕ ಹಾಕಿಕೊಂಡು ನಿಧಾನಕ್ಕೆ ನೋಡಿ. ಪತ್ರ ತಲುಪಿದ ಮೇಲಿನ ಭಾನುವಾರ ಫೋನ್ ಮಾಡುತ್ತೇನೆ, ಯಾವ ಸಾಲಿನ ಮೇಲೆ ಬೆರಳಿಡುತ್ತೀರಿ ಅಂತ ಹೇಳಿ.

ಇಂತಿ,
ನಿಮ್ಮ ಮಗಳು